ಅಂಟುವಾಳದ ಮಂಡಕ್ಕಿ

ಎಂ.ಎ. ಮಾಡಿದವಳು ಮನೆಯಲ್ಲಿ ಸುಮ್ಮನೆ ಕೂತರೆ ಸಮಾಜಕ್ಕೆ ನಷ್ಟ ಎಂದು ಆ ದಿನಗಳಲ್ಲಿ ನನಗೆ ದೃಢವಾದ ನಂಬಿಕೆಯಿತ್ತು. ಸಮಾಜ ಈ ಬಗ್ಗೆ ಏನೂ ದೂರಿರಲಿಲ್ಲ. ಆದರೂ ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ದಾವಣಗೆರೆಯ ಆನೆಕೊಂಡದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಉಚಿತವಾಗಿ ಓದು ಕಲಿಸುವ ಮಹತ್ಕಾರ್ಯವನ್ನು ಕೈಗೆತ್ತಿಕೊಂಡೆ.

"ನಿಂಗೆ ಕಲ್ಸಾಕೆ ಬರ್ತೈತಾ?" ಎಂದರು ನನ್ನ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಓದಾಕೆ ಬರ್ತೈತಲ್ಲ!"

ಎರಡೂ ಒಂದೇ ಎಂದು ತಿಳಿದಿದ್ದೆ. ಎಡವಟ್ಟು ಅಲ್ಲಿಂದಲೇ ಶುರು.

ಮೂವರು ಮಕ್ಕಳು ಬಂದರು. ಇಬ್ಬರು ತೀರಾ ಚಿಕ್ಕವರು. ಚಿತ್ರ ನೋಡಿ, ಬಾಳೆಹಣ್ಣು ತಿಂದು, ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಮೂರನೆಯವಳು ಮುಮ್ತಾಜ್. ಹತ್ತು ವರ್ಷದ ಹುಡುಗಿ, ಹಿಂದಿನ ಬೀದಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟವರ ಮಗಳು. ಮಾತು ಕಡಿಮೆ, ಅಭಿಪ್ರಾಯ ಜಾಸ್ತಿ. ಬೇಡವಾದದ್ದಕ್ಕೆಲ್ಲ "ನಕ್ಕೋ" ಎಂಬ ಒಂದೇ ಉತ್ತರ. ನಾನು "ಅ ಆ ಇ ಈ" ಹೇಳಿಸಲು ಹೋದೆ. "ನಕ್ಕೋ." ಹಾಡಿ ತೋರಿಸಿದೆ. "ನಕ್ಕೋ!" ಈ ಸಲ ಕಿವಿಯನ್ನೂ ಮುಚ್ಚಿಕೊಂಡಳು.

ಅವಳ ತಾಯಿ ಮೆಹಬೂಬಿ ಮಾತ್ರ ನನ್ನನ್ನು ಪೂರ್ತಿ ನಂಬಿದ್ದಳು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. "ಅಕ್ಕೋರೆ, ಹರಿಹರದಾಗ ನನ್ ತಂಗಿ ಮನಿ ಪಕ್ಕ ಸಾಲಿ ಐತ್ರಿ. ಅಲ್ಲಿ ದೊಡ್ಡ ಅಕ್ಕೋರು, ನಾಕು ಮಾತು ಓದಿದ್ರ ಸೇರಿಸ್ಕೊಂತೀನಿ ಅಂದಾರ. ಇಲ್ಲಿ ಯಾರೂ ಒಳಗ ಬಿಡಲಿಲ್ರಿ. ಇದೊಂದ ಸಾಲಿ ಉಳದೈತೆ."

"ನಾಕಲ್ಲ, ನಲವತ್ತು ಓದಿಸ್ತೀನಿ!" ಎಂದೆ. ಇದನ್ನು ನಾನು ನಿಜವಾಗಿ ಹೇಳಿದೆನೋ, ಆಮೇಲೆ ನೆನಪು ಸೇರಿಸಿತೋ ಗೊತ್ತಿಲ್ಲ. ಇವರಂತೂ ಹೇಳಿದ್ದೆ ಎನ್ನುತ್ತಾರೆ. ಇಂಥವೆಲ್ಲ ಇವರಿಗೆ ಚೆನ್ನಾಗಿ ನೆನಪಿರುತ್ತವೆ.

ಅಕ್ಷರದಿಂದ ಆಗದಿದ್ದರೆ ಇಡೀ ಪದವನ್ನೇ ಚಿತ್ರದಂತೆ ತೋರಿಸಿ ನೋಡಿ ಎಂದು ಡಾಕ್ಟರೊಬ್ಬರು ಹೇಳಿದರು. ಅವತ್ತೇ ರಟ್ಟು ಕತ್ತರಿಸಿ ದಪ್ಪಕ್ಷರದಲ್ಲಿ ಬರೆಯಲು ಕೂತೆ. ಬಾಗಿಲಿಗೆ ‘ಬಾಗಿಲು’, ಕುರ್ಚಿಗೆ ‘ಕುರ್ಚಿ’, ಕೊಡಕ್ಕೆ ‘ನೀರು’. ಅವಳ ಫ್ರಾಕಿಗೆ ‘ಮುಮ್ತಾಜ್’, ನನ್ನ ಸೆರಗಿಗೆ ಪಿನ್ನು ಹಾಕಿ ‘ಅಕ್ಕೋರು’. ಇವರ ಬೆನ್ನಿಗೂ ಒಂದು ಅಂಟಿಸಲು ಹೋದಾಗ ಅಂಗಿ ಹಾಕಿಕೊಂಡು ಹೊರಗೆ ಹೋದರು.

ಮುಮ್ತಾಜಳಿಗೆ ಈ ಆಟ ಹಿಡಿಸಿತು. ಚೀಟಿ ಕೈಗೆ ಕೊಟ್ಟರೆ ಒಯ್ದು ಸರಿಯಾದ ವಸ್ತುವಿನ ಮೇಲೆ ಇಡತೊಡಗಿದಳು. ನಾನು ಉಬ್ಬಿಹೋದೆ. ಉಬ್ಬಿದವಳು ಪಡಸಾಲೆ ದಾಟಿ ಅಡುಗೆಮನೆಗೆ ನುಗ್ಗಿದೆ.

ಅಡುಗೆಮನೆ ನಮ್ಮತ್ತೆಯವರ ಸಾಮ್ರಾಜ್ಯ. ಆಗ ಅವರು ಸೇವೆಗೆಂದು ನಂದಿಗುಡಿ ಮಠಕ್ಕೆ ಹೋಗಿದ್ದರು. ಕಪಾಟಿನಲ್ಲಿ ಒಂದೇ ಥರದ ಎರಡು ಹಾಲಿನಪುಡಿ ಡಬ್ಬಿಗಳಿದ್ದವು. ಒಂದರಲ್ಲಿ ಪುಟಾಣಿ ಹಿಟ್ಟು, ಅಂದರೆ ಒಗ್ಗರಣೆ ಮಂಡಕ್ಕಿಯ ಮೇಲೆ ಉದುರಿಸುವ ಹುರಿಗಡಲೆ ಪುಡಿ. ಇನ್ನೊಂದರಲ್ಲಿ ರೇಷ್ಮೆ ಸೀರೆ ಒಗೆಯಲು ಅತ್ತೆ ಕುಟ್ಟಿ ಜರಡಿ ಹಿಡಿದ ಅಂಟುವಾಳದ ಪುಡಿ. ಎರಡೂ ತೆಳು ಹಳದಿ. ಅತ್ತೆ ಮಂಡಕ್ಕಿಗೆ ಎಡಗಡೆಯ ಡಬ್ಬಿಯಿಂದ ತೆಗೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಎಡಕ್ಕೆ ‘ಪುಟಾಣಿ ಹಿಟ್ಟು’, ಬಲಕ್ಕೆ ‘ಅಂಟುವಾಳ’ ಎಂದು ಮುಮ್ತಾಜಳಿಗೆ ಓದಿ ಹೇಳುತ್ತಾ ಚೀಟಿ ಇಟ್ಟೆ. ಮೂಸಿ ನೋಡಬಹುದಿತ್ತು. ಆದರೆ ನೆನಪು ಅಷ್ಟು ಸ್ಪಷ್ಟವಾಗಿರುವಾಗ ಮೂಗಿಗೇಕೆ ತೊಂದರೆ!

ಮುಮ್ತಾಜ್ ಮುಚ್ಚಳ ತೆಗೆದು ಮೂಸಿದಳು. ಬೆರಳು ಅದ್ದಿ ನೆಕ್ಕಿದಳು. ಮುಖ ಕಿವುಚಿ ಎರಡು ಚೀಟಿಗಳನ್ನೂ ಅದಲು ಬದಲು ಮಾಡಿದಳು.

"ಅಲ್ಲ ಕಂದ, ಇದು ಇಲ್ಲಿ," ಎಂದು ನಾನು ಮೊದಲಿನಂತೆ ಇಟ್ಟೆ.

ಮರುದಿನ ಮತ್ತೆ ಬದಲಾಗಿದ್ದವು. ಮತ್ತೆ ಇಟ್ಟೆ. ಮತ್ತೆ ಬದಲಾದವು. ಕೊನೆಗೆ ಮೈದಾ ಗೋಂದು ಕಾಯಿಸಿ ಚೀಟಿಗಳನ್ನು ಡಬ್ಬಿಗೆ ಗಟ್ಟಿಯಾಗಿ ಅಂಟಿಸಿಬಿಟ್ಟೆ. ಅವಳು ನನಗೆ ಬೆನ್ನು ಮಾಡಿ ಕೂತಳು. ಆ ಸಂಜೆ ಮೆಹಬೂಬಿಗೆ ಗಂಭೀರವಾಗಿ ಹೇಳಿದೆ: "ಬಾಗಿಲು, ಕುರ್ಚಿ ಎಲ್ಲಾ ಬರೇ ಅಂದಾಜಿಂದ ಇಡ್ತಿರಬೇಕು ಕಣಮ್ಮ. ಓದು ಇನ್ನೂ ಬಂದಿಲ್ಲ ಅನ್ಸುತ್ತೆ."

ಮೆಹಬೂಬಿ ಮಗಳ ತಲೆಗೂದಲು ಸರಿಮಾಡಿ ಕರೆದುಕೊಂಡು ಹೋದಳು.

ಭಾನುವಾರ ಮುಮ್ತಾಜಳ ಓದು ಪರೀಕ್ಷಿಸಲು ಹರಿಹರದಿಂದ ದೊಡ್ಡ ಅಕ್ಕೋರು ಗಿರಿಜಮ್ಮನವರು ಬಂದರು. ಮೆಹಬೂಬಿ ಮಗಳೊಂದಿಗೆ ಮೊದಲೇ ಬಂದಿದ್ದಳು. ನಾನು ರೇಷ್ಮೆ ಸೀರೆ ಉಟ್ಟು, ಸೆರಗಿಗೆ ‘ಅಕ್ಕೋರು’ ಚೀಟಿ ಸಿಕ್ಕಿಸಿಕೊಂಡು ಸ್ವಾಗತಿಸಿದೆ. ಪರೀಕ್ಷೆಗೆ ಮುಂಚೆ ಉಪಚಾರವಾಗಬೇಕಲ್ಲ! ಮುಮ್ತಾಜಳ ಮನೆಯದೇ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಅಂಟಿಸಿದ ಚೀಟಿ ಓದಿ, ಎಡಗಡೆಯ ಡಬ್ಬಿಯಿಂದ ಎರಡು ಮುಷ್ಟಿ ಧಾರಾಳವಾಗಿ ಉದುರಿಸಿದೆ.

"ನಕ್ಕೋ!" ಎಂದಳು ಮುಮ್ತಾಜ್, ನನ್ನ ಕೈ ಹಿಡಿದು.

"ನಿನಗೆ ಬ್ಯಾಡಾದ್ರೆ ಬಿಡು ಪುಟ್ಟಿ. ಇದು ಅವರಿಗೆ."

ಗಿರಿಜಮ್ಮ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಸಂಸ್ಕಾರವಂತರು, ನುಂಗಿದರು. ನಮ್ಮ ಯಜಮಾನರು ಹದಿನಾರು ವರ್ಷಗಳಿಂದ, ಅತ್ತೆ ಊರಲ್ಲಿಲ್ಲದಾಗಲೆಲ್ಲ, ನನ್ನ ಅಡುಗೆಗೆ ಒಗ್ಗಿದವರು, ಎರಡು ತುತ್ತು ನುಂಗಿದರು.

"ಹೆಂಗೈತ್ರಿ?" ಎಂದೆ.

"ಒಗ್ಗರಣಿ ಚಲೋ ಐತ್ರಿ," ಎಂದರು ಗಿರಿಜಮ್ಮ ನಿಧಾನವಾಗಿ. "ಆದ್ರ ನಿಮ್ಮ ದಾವಣಗೆರೆ ಮಂಡಕ್ಕಿ ತಿಂದ್ರ ಬಾಯಾಗ ನೊರೆ ಯಾಕ ಬರ್ತೈತ್ರಿ?"

ಹೌದು. ತುಟಿಯ ಅಂಚಿನಲ್ಲಿ ಬಿಳಿ ನೊರೆ. ಇವರ ಮೀಸೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಮುಮ್ತಾಜ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಸುಮ್ಕಿರೇ!" ಎಂದು ಮೆಹಬೂಬಿ ಗದರಿದಳು. ಮಗಳ ಶಾಲೆ ಆ ನೊರೆಯಲ್ಲೇ ತೊಳೆದುಹೋಯಿತೆಂದು ಪಾಪ ಅವಳಿಗೆ ಅನಿಸಿರಬೇಕು. ನನಗೂ ಹಾಗೇ ಅನಿಸಿತ್ತು.

ಬಾಯಿ ಮುಕ್ಕಳಿಸಲು ಎದ್ದ ಗಿರಿಜಮ್ಮನವರ ಕೈ ಹಿಡಿದು ಮುಮ್ತಾಜ್ ನೇರವಾಗಿ ಕಪಾಟಿನ ಮುಂದೆ ನಿಲ್ಲಿಸಿದಳು. ಎಡಗಡೆಯ ಡಬ್ಬಿಯ ಚೀಟಿ ತೋರಿಸಿ "ಪುಟಾಣಿ" ಎಂದಳು. ಡಬ್ಬಿಯನ್ನು ತಟ್ಟಿ "ಗಲತ್" ಎಂದಳು, ತಪ್ಪು ಅಂತ. ಆಮೇಲೆ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಗೋಂದು ಗಟ್ಟಿಯಾಗಿತ್ತು. ಆ ಬೇಸಿಗೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಗಿರಿಜಮ್ಮ ಎರಡೂ ಡಬ್ಬಿ ಮೂಸಿದರು. ನನ್ನ ಕಡೆ ತಿರುಗಿದರು. "ಈ ಚೀಟಿ ಅಂಟಿಸಿದೋರು ಯಾರ್ರಿ?"

"ನಾನೇರಿ. ಈಕಿ ದಿನಾ ಬದಲು ಮಾಡ್ತಿದ್ಲು, ಅದಕ್ಕ..."

ಮಾತು ಮುಗಿಸುವ ಮೊದಲೇ ನಾನು ಏನು ಹೇಳುತ್ತಿದ್ದೇನೆಂದು ನನಗೇ ಕೇಳಿಸಿತು.

ಗಿರಿಜಮ್ಮ ಎರಡು ಹೊಸ ಚೀಟಿಗಳಲ್ಲಿ ಅದೇ ಪದಗಳನ್ನು ಬರೆದು, ಕಲೆಸಿ, ಅವಳ ಕೈಗೆ ಕೊಟ್ಟರು. ಮುಮ್ತಾಜ್ ಒಂದೊಂದನ್ನೂ ನೋಡಿ, ಇಡಬೇಕಾದ ಡಬ್ಬಿಯ ಮೇಲೆ ಇಟ್ಟಳು. ‘ನೀರು’, ‘ಬಾಗಿಲು’, ‘ಕುರ್ಚಿ’ ಬರೆದು ಕೊಟ್ಟರು. ಅವೂ ಹೋಗಿ ಕೂತವು.

"ಹಂಗಾದ್ರ ಇಕೀಗೆ ಮೊದ್ಲೇ ಬರ್ತಿತ್ತೇನ್ರಿ, ಅಕ್ಕೋರೆ?" ಎಂದಳು ಮೆಹಬೂಬಿ. ಕೇಳಿದ್ದು ನನ್ನನ್ನು.

ತಲೆಯಾಡಿಸಿದೆ. ಎಂ.ಎ. ತಲೆ. ಭಾರವಾಗಿತ್ತು.

"ಜೂನ್‌ನಾಗ ಕಳಿಸವ್ವ," ಎಂದರು ಗಿರಿಜಮ್ಮ. "ನಿನ್ ತಂಗಿ ಮನ್ಯಾಗ ಇರ್ಲಿ, ನಾನು ನೋಡ್ಕೊಂತೀನಿ. ತಪ್ಪು ತೋರ್ಸಾಕೆ ಹೆದರದ ಹುಡುಗಿ, ನಮ್ ಸಾಲಿಗೆ ಬೇಕು."

ಮೆಹಬೂಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವರು ಮೀಸೆ ಒರೆಸಿಕೊಂಡರು. ಮುಮ್ತಾಜ್ ನನ್ನ ಹತ್ತಿರ ಬಂದು, ಬಹಳ ಜಾಗರೂಕತೆಯಿಂದ ಪಿನ್ನು ಬಿಚ್ಚಿ, ‘ಅಕ್ಕೋರು’ ಚೀಟಿಯನ್ನು ಗಿರಿಜಮ್ಮನವರ ಸೆರಗಿಗೆ ಸಿಕ್ಕಿಸಿದಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ಸರಿಯಾಗಿದೆ ಎಂಬಂತೆ ತಲೆಯಾಡಿಸಿದಳು.

ಆ ದಿನದ ನನ್ನ ಡೈರಿಯಲ್ಲಿ ಒಂದೇ ಸಾಲಿದೆ: ‘ಮುಮ್ತಾಜಳಿಗೆ ಓದು ಕಲಿಸಿದೆ.’ ಡೈರಿಯನ್ನೂ ನಂಬಬಾರದು.

ಮರುದಿನ ನಂದಿಗುಡಿ ಬಸ್ಸಿನಿಂದ ಇಳಿದ ಅತ್ತೆ ಕಪಾಟು ನೋಡಿದರು, ಅರ್ಧ ಖಾಲಿಯಾದ ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಅಂಟುವಾಳ ಯಾತಕ್ಕ ಬಳಸಿದ್ಯವ್ವ? ಸೀರಿ ಒಗದ್ಯಾ?"

"ಇಲ್ಲವ್ವ," ಎಂದರು ಇವರು, ಪೇಪರಿನಿಂದ ತಲೆ ಎತ್ತದೆ. "ನನ್ನ ಒಗದ್ಲು."