ಗುಂಡಪ್ಪನಿಗೆ ಏಳು ಕುಲಾವಿ

ನಾನು ಓದಿದ್ದು ಮೂರನೇ ಕ್ಲಾಸು. ಛಲದಾಗ ಮಾತ್ರ ಎಂ.ಎ.! "ಕೂಸು ಸಿಗಾಕ ವರ್ಷ ಆಗ್ತೈತಿ, ಕಾಯ್ರಿ" ಅಂತ ಬಳ್ಳಾರಿಯ ದತ್ತು ಕೊಡೋ ಸಂಸ್ಥೆಯವರು ಅಂದಾಗ ಬಸ್ಸಿನಲ್ಲೇ ಶಪಥ ಮಾಡಿದೆ.

"ಸುಮ್ಮನೆ ಕೂತು ಕಾಯೋಳು ನಾನಲ್ಲ. ಹೊಲಿಗಿ ಕಲೀತೀನಿ. ಕೊಟ್ಟೂರಾಗ ನನ್ನಂಗ ಕುಲಾವಿ ಹೊಲಿಯೋಳು ಇನ್ನೊಬ್ಬಾಕಿ ಇರಬಾರದು!"

"ನಿನಗ ಸೂಜಿಗೆ ದಾರ ಪೋಣಸಾಕ ಬರಲ್ಲ" ಅಂದ್ರು ನಮ್ಮ ಮನೆಯವರು.

"ಪಂಕ್ಚರ್ ಹಾಕಿದಂಗಲ್ಲ ಇದು. ಸುಮ್ಮನಿರ್ರಿ!"

ಅವರದು ಸೈಕಲ್ ಅಂಗಡಿ. ಇದು ತೊಂಬತ್ತೆಂಟನೇ ಇಸವಿ ಮಾತು. ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಸಂಸ್ಥೆಯ ಮೇಡಂ ಮನೆಗೆ ಬಂದು ನೋಡಿ, ಸರಿ ಅಂತ ಬರೆದರೆ ಕೂಸು. ಬರೆಯದಿದ್ದರೆ ಇಲ್ಲ. ಅಷ್ಟೇ.

ಮೊದಲನೇ ಕುಲಾವಿ ಹೊಲಿದೆ. "ಕೂಸಿನ ಟೋಪಿನೋ, ಚಾ ಸೋಸೋ ಬಟ್ಟಿನೋ?" ಅಂದ್ರು ನಮ್ಮ ಮನೆಯವರು. ಅಳತೆಗೆ ಒಂದು ತಲೆ ಬೇಕಾಯ್ತು. ಒರಳಿನಲ್ಲಿ ಚಟ್ನಿ ಅರೆಯೋ ಗುಂಡುಕಲ್ಲು ಎತ್ತಿಕೊಂಡೆ. ಕೆಳಗೆ ದಪ್ಪ, ಮೇಲೆ ದುಂಡು, ಥೇಟ್ ಕೂಸೇ! ಏಳು ಕುಲಾವಿ ಅದರ ತಲೆಗೇ ಹೊಲಿದೆ.

ಇವರಿಗೆ ಹೊಟ್ಟೆಕಿಚ್ಚು. ತಾವೂ ಒಂದು ವಿದ್ಯೆ ಹಿಡಿದರು. ತೊಟ್ಟಿಲು ತಂದು, ಹಗ್ಗ ಬಿಚ್ಚಿ, ಸೈಕಲ್ ಟ್ಯೂಬಿನಲ್ಲಿ ಜಂತಿಗೆ ನೇತು ಹಾಕಿದರು. "ತೂಗೋದೇ ಬ್ಯಾಡ ಲೇ, ತಾನಾ ಕುಣೀತೈತಿ!"

ಪಕ್ಕದ ಮನೆ ಭರಮಮ್ಮಜ್ಜಿ ನೋಡಿ ಎದೆ ಬಡಕೊಂಡಳು. "ಖಾಲಿ ತೊಟ್ಲ ತೂಗಬಾರದು ತಂಗಿ! ಹೆಸರಿಡೋ ದಿನ ಕೂಸಿಗಿಂತ ಮೊದ್ಲು ಯಾರನ್ನ ಮಲಗಸ್ತಾರ? ಗುಂಡಪ್ಪನ್ನ! ಹಾಕು ಆ ಕಲ್ಲನ್ನ."

ಹಾಕಿದೆ. ಕುಲಾವಿ ಕಟ್ಟಿದೆ. ಕಾಡಿಗೆ ಬೊಟ್ಟಿಟ್ಟೆ. ಅವತ್ತಿನಿಂದ ಇಬ್ಬರಿಗೂ ಹುಚ್ಚು ಹಿಡೀತು. ಅಂಗಡಿಯಿಂದ ಬಂದವರೇ, "ಗುಂಡಪ್ಪ ಮಕ್ಕೊಂಡಾನೇನು?" ಚಟ್ನಿಗೆ ಅಂತ ನಾನು ಎತ್ತಿದರೆ ಜಗಳ.

"ಎಳೇ ಕೂಸಿನ ಕೈಲಿ ಮೆಣಸಿನಕಾಯಿ ಅರಿಸ್ತೀಯಲ್ಲಲೇ!"

"ಹಂಗಾದ್ರ ರೊಟ್ಟಿಗೆ ಬೆಲ್ಲ ಹಚ್ಕೊಂಡು ತಿನ್ರಿ!"

ಅರೆಯೋದು, ತೊಳೆಯೋದು, ಮತ್ತೆ ಮಲಗಿಸೋದು. ಇದೇ ಕೆಲಸ.

ಒಂದು ಮುಂಜಾನೆ ಕೆಂಪು ಖಾರ ಅರೆದೆ. ನಲ್ಲಿಯಲ್ಲಿ ನೀರಿಲ್ಲ. ಗುಂಡಪ್ಪನನ್ನು ಬಟ್ಟೆಯಲ್ಲಿ ಒರೆಸಿ ಮಲಗಿಸಿದೆ. ಅಷ್ಟರಲ್ಲಿ ಹೇಳದೆ ಕೇಳದೆ ಬಂದೇಬಿಟ್ಟರು ರೇಣುಕಾ ಮೇಡಂ! ಸಂಸ್ಥೆಯವರು!

ನೋಡಿದ್ದೇ ತೊಟ್ಟಿಲು. "ಮಕ್ಕಳಿಲ್ಲ ಅಂತ ಬರಕೊಟ್ಟೀರಲ್ಲ. ಇದ್ಯಾರು?"

ಇವರಿಗೆ ಗಾಬರಿ. "ನಮ್ಮ ಗುಂಡಪ್ಪ ರೀ."

"ಎಷ್ಟು ತಿಂಗಳು?"

"ನಮ್ಮವ್ವನ ಕಾಲದಾಗಿಂದ ಅದಾನ್ರಿ!"

ಮೇಡಂ ಬಗ್ಗಿ ಕೆನ್ನೆ ಸವರಿದರು. "ಅಯ್ಯೋ, ಕೂಸು ತಣ್ಣಗೈತಲ್ರೀ!" ಅಂತ ಒಂದು ಕೈಲಿ ತೊಟ್ಟಿಲು ಕೆಳಗೆ ಜಗ್ಗಿ ಹಿಡಿದು ಎತ್ತೋಕೆ ಹೋದರು. ಏಳಲಿಲ್ಲ. ಬೆವರು ಬಂತು. ಖಾರದ ಕೈಯಲ್ಲೇ ಕಣ್ಣು ಒರೆಸಿಕೊಂಡರು!

"ಸತ್ತೆ! ಕಣ್ಣು! ಕಣ್ಣು!"

ಜಗ್ಗಿದ್ದ ತೊಟ್ಟಿಲು ಬಿಟ್ಟರು. ಟ್ಯೂಬು ಸುಮ್ಮನಿರುತ್ತಾ? ತೊಟ್ಟಿಲು ಜಂತಿ ತನಕ ಹಾರಿತು. ಗುಂಡಪ್ಪ ಹೊರಗೆ ಹಾರಿದ. ಇಳಿದಿದ್ದು ನಮ್ಮ ಮನೆಯವರ ಹೆಬ್ಬೆರಳ ಮೇಲೆ!

ಮೇಡಂ ಅಳ್ತಾರೆ. ಇವರು ಒಂಟಿ ಕಾಲಲ್ಲಿ ಕುಣೀತಾರೆ. ನಾನು ಓಡಿದೆ. ಎತ್ತಿಕೊಂಡೆ. ಗಂಡನ್ನಲ್ಲ, ಗುಂಡನ್ನ! ಎದೆಗೆ ಅವಚಿಕೊಂಡು, "ಪೆಟ್ಟಾತೇನೋ ನನ್ನಪ್ಪಾ" ಅಂತ ತಲೆ ಸವರಿದೆ. ಆಮೇಲೆ ನಾಚಿಕೆ ಆಯ್ತು. ಆದರೆ ಮೇಡಂ ಒಂದೇ ಕಣ್ಣಲ್ಲಿ ಅದನ್ನ ನೋಡಿಬಿಟ್ಟಿದ್ದರು. ಏನೋ ಬರಕೊಂಡರು. ಚಾ ಕುಡೀದೆ ಹೋದರು.

ಎರಡು ತಿಂಗಳು ಸುದ್ದಿ ಇಲ್ಲ.

"ನಿಮ್ಮ ಟ್ಯೂಬಿನಿಂದ ಕೆಟ್ವಿ."

"ನಿನ್ನ ಖಾರದಿಂದ ಕೆಟ್ವಿ."

ಆಮೇಲೆ ಜಗಳವೂ ನಿಂತಿತು. ತೊಟ್ಟಿಲಿನ ಕಡೆ ಇಬ್ಬರೂ ನೋಡುತ್ತಿರಲಿಲ್ಲ.

ಕಡೆಗೆ ಕಾಗದ ಬಂತು. ಇವರು ಓದಿದರು. "ತೊಟ್ಟಿಲಿಗೆ ಹಗ್ಗ ಕಟ್ಟತಕ್ಕದ್ದು. ಅದರ ಹತ್ತಿರ ಖಾರ ತರತಕ್ಕದ್ದಲ್ಲ. ಕಲ್ಲು ಬಿದ್ದರೂ ಓಡಿಬಂದು ಎತ್ತಿಕೊಳ್ಳುವ ತಾಯಿ ಈ ಮನೆಯಲ್ಲಿದ್ದಾಳೆ. ಮಗು ಕೊಡಬಹುದು."

ನಾನು ಗೊಳೋ ಅಂತ ಅತ್ತೆ. ಇವರು ಕಾಗದ ತಿರುಗಿಸಿ ಮುರುಗಿಸಿ ನೋಡಿದರು. "ಕಲ್ಲು ಬಿದ್ದ ಗಂಡನ ಸುದ್ದಿ ಒಂದಕ್ಷರ ಇಲ್ಲಲ್ಲಲೇ!"

ನಾಗರತ್ನ ಬಂದಳು. ಎಂಟು ತಿಂಗಳ ಕೂಸು. ಏಳು ಕುಲಾವಿಯಲ್ಲಿ ಒಂದೂ ಅವಳ ತಲೆಗೆ ಹತ್ತಲಿಲ್ಲ.

ಇವರು ಹೋಗಿ ಮೂರು ವರ್ಷ ಆಯ್ತು. ಆ ಹೆಬ್ಬೆರಳು ಕಡೀತನಕ ಸೊಟ್ಟಗೇ ಇತ್ತು. ಮಣ್ಣಿಗೆ ಒಯ್ಯೋ ದಿನ ಕಾಲಿಗೆ ನೀರು ಹಾಕುವಾಗ ಕಣ್ಣಿಗೆ ಬಿತ್ತು. ನನಗೆ ನಗು ಬಂತು. "ಪಾಪ, ಇಕಿಗೆ ತಲಿ ಕೆಟ್ಟೈತಿ" ಅಂದರು ಹೆಂಗಸರು.

ಈಗ ಮಗಳಿಗೆ ಹತ್ತು ವರ್ಷ. ತನ್ನ ಕಥೆಯೆಲ್ಲ ಗೊತ್ತು. ಬಾಯಿ ಥೇಟ್ ಅವರಪ್ಪನದೇ. ಮೊನ್ನೆ ಎದುರು ಮಾತಾಡಿದಳು ಅಂತ ರೇಗಿದೆ. "ಒಂದು ಮಾತಂದ್ರ ಹತ್ತು ಮಾತಾಡ್ತೀ! ತಾಯಿ ಮಾತು ಕೇಳೋ ಮಗು ಹೆಂಗಿರತೈತಿ ಗೊತ್ತೇನು?"

ಮಗಳು ಒರಳಿನ ಕಡೆ ಕೈ ತೋರಿಸಿದಳು.

"ಗೊತ್ತೈತಿ ಬಿಡವ್ವ. ಅಲ್ಲಿ ಕುಂತಾನಲ್ಲ ನಿನ್ನ ಹಿರೇಮಗ. ಅವನು ಮಾತೇ ಆಡಲ್ಲ. ಆದ್ರ ನಾ ಅಪ್ಪನ ಕಾಲು ಮುರಿದಿಲ್ಲ ನೋಡು!"