ಕಾಯುವ ಕೋಣೆಗೆ ಬಂದ ರೋಬೋ

ಹಲ್ಲಿನ ಡಾಕ್ಟರ ಬಾಗಿಲಿಗೆ ಯಾರೂ ನಗುತ್ತ ಬರುವುದಿಲ್ಲ. ನಗಬೇಕೆಂದರೂ ಆಗದಷ್ಟು ನೋವಾದಾಗಲೇ ಬರುತ್ತಾರೆ. ಹಾಗಾಗಿ ಶಿರಸಿ ಪೇಟೆಯಲ್ಲಿ ಬಹಳ ನಿಶ್ಶಬ್ದವಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಗ್ರಂಥಾಲಯ ಎನ್ನುವುದಿಲ್ಲ, ನನ್ನ ಕ್ಲಿನಿಕ್ಕಿನ ಕಾಯುವ ಕೋಣೆ ಎನ್ನುತ್ತೇನೆ. ಅಲ್ಲಿ ಕೂತವರು ಕೆನ್ನೆಗೆ ಕೈಯೊತ್ತಿಕೊಂಡು, ಒಳಗಿನ ಡ್ರಿಲ್ಲಿನ ಸದ್ದಿಗೆ ಬೆಚ್ಚುತ್ತ, ಮರ್ಯಾದೆಯಿಂದ ಮನೆಗೆ ವಾಪಸು ಹೋಗಲು ಒಂದು ಕಾರಣ ಹುಡುಕುತ್ತಿರುತ್ತಾರೆ. ಬಾಯಿ ತೆರೆದವರ ಜೊತೆಗೇ ದಿನ ಕಳೆಯುವ ನನಗೆ, ಬಾಯಿ ಮುಚ್ಚಿ ಕೂತ ಆ ಕೋಣೆಯ ಮೇಲೆ ವಿಶೇಷ ಪ್ರೀತಿಯಿತ್ತು.

ನನ್ನ ಮಗಳು ಸ್ಫೂರ್ತಿಯ ಮೌನ ಮಾತ್ರ ನನಗೆ ಹಿಡಿಸುತ್ತಿರಲಿಲ್ಲ. ಸಿದ್ದಾಪುರದಿಂದ ದಿನಾ ಓಡಾಡಿ ಸಾಕಾಗಿ ನಾವು ಶಿರಸಿಗೇ ಮನೆ ಬದಲಿಸಿದ್ದೆವು. ಎಂಟನೇ ತರಗತಿಗೆ ಹೊಸ ಶಾಲೆ. ಹಳೆಯ ಗೆಳತಿಯರೆಲ್ಲ ಅಲ್ಲೇ ಉಳಿದರು. ಮಧ್ಯಾಹ್ನ ಯಾರ ಜೊತೆ ಊಟ ಮಾಡಿದೆ ಎಂದು ಕೇಳಿದರೆ, “ಡಬ್ಬಿ ಜೊತೆಗೆ” ಎನ್ನುತ್ತಿದ್ದಳು. ತಮಾಷೆಯಾಗಿಯೇ ಹೇಳುತ್ತಿದ್ದಳು, ಆದರೆ ನನಗೆ ನಗು ಬರುತ್ತಿರಲಿಲ್ಲ. ಅಂಥವಳು ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ, “ಆಯಿ, ಎನ್ನ ಟೀಮಿಗೆ ತಗಂಡ!” ಎಂದು ಕೂಗಿದಳು.

“ಎಂತಾ ಟೀಮೇ?”

“ರೋಬೋಟಿಕ್ಸ್ ಟೀಮು. ಒಬ್ಳು ಊರು ಬಿಟ್ಟು ಹೋದ್ಲಡ, ಅವಳ ಜಾಗಕ್ಕೆ ಆನು. ಎಂಗಳ ಪ್ರಾಕ್ಟೀಸು ನಾಳೆಯಿಂದ ನಿನ್ನ ಕ್ಲಿನಿಕ್ಕಲ್ಲೇಯ.”

ಶಾಲೆಯ ಹೆಂಚಿನ ಮಾಡು ರಿಪೇರಿಯಲ್ಲಿತ್ತಂತೆ. ದೊಡ್ಡ ಮೇಜು ಹಿಡಿಸುವಂಥ ಜಾಗ ಯಾರಲ್ಲಿದೆ ಎಂದು ಕೇಳಿದಾಗ ನನ್ನ ಮಗಳು ನನ್ನನ್ನು ಕೇಳದೆಯೇ ಕೈಯೆತ್ತಿದ್ದಳು. ಬೈಯಬೇಕೆಂದು ಬಾಯಿ ತೆರೆದೆ. ಆದರೆ ‘ಎಂಗಳ’, ಅಂದರೆ ‘ನಮ್ಮ’, ಎಂಬ ಮಾತನ್ನು ಅವಳ ಬಾಯಲ್ಲಿ ಕೇಳಿ ತಿಂಗಳುಗಳೇ ಆಗಿದ್ದವು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.

ಮರುದಿನ ಮೇಜು ಬಂತು, ಅದರ ಮೇಲೆ ಹಾಸುವ ಬಣ್ಣದ ನಕ್ಷೆ ಬಂತು, ಹಿಂದೆಯೇ ತಂಡವೂ ಬಂತು. ನಾಯಕಿ ನೇತ್ರಾ, ಬನವಾಸಿ ಕಡೆಯ ಹುಡುಗಿ, ಶಿರಸಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುವವಳು. ಕಂಪ್ಯೂಟರಿನಲ್ಲಿ ರೋಬೋಗೆ ಅಪ್ಪಣೆ ಬರೆಯುವವಳು ಅಫ್ರೀನ್. ರೋಬೋ ಎಂದರೆ ನಾನು ಮನುಷ್ಯಾಕಾರವನ್ನು ಕಲ್ಪಿಸಿಕೊಂಡಿದ್ದೆ. ಬಂದದ್ದು ಚಕ್ರದ ಮೇಲೆ ಕೂತ ಟಿಫಿನ್ ಡಬ್ಬಿಯಂಥದು, ಮುಂದೆ ಒಂದು ಉದ್ದನೆಯ ಕೈ. ಗೆರೆಯ ಮೇಲಿಟ್ಟು ಬಿಟ್ಟರೆ ತಾನೇ ಹೋಗಿ ಸಣ್ಣ ಡಬ್ಬಿಗಳನ್ನು ಎತ್ತಿ ಬೇರೆ ಕಡೆ ಇಡಬೇಕು. ಅದು ಸ್ವಲ್ಪ ವಾಲಿದಂತೆ ಕಂಡು ನಾನು ಕೈ ಚಾಚಿದೆ. “ಆಂಟಿ, ಮುಟ್ಟಬ್ಯಾಡ್ರಿ. ದೊಡ್ಡವರು ಮುಟ್ಟಿದ್ರ ಔಟ್ ರೀ,” ಎಂದಳು ನೇತ್ರಾ. ಇಡೀ ಊರಿನ ಬಾಯಿಗೆ ಕೈ ಹಾಕುವ ನನಗೆ ನನ್ನದೇ ಕ್ಲಿನಿಕ್ಕಿನಲ್ಲಿ ಇಂಥ ಮಾತು!

ನನ್ನ ಮೌನದ ಕೋಣೆ ಅಂದಿಗೇ ಹೋಯಿತು. ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಬಂದ ಗಣಪತಿ ಹೆಗಡೆಯವರು ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು, “ಇದು ಹಲ್ಲು ಕೀಳ್ತಾ ಕೂಸೆ?” ಎಂದು ಸ್ಫೂರ್ತಿಯನ್ನು ಕೇಳಿದರು.

“ಇಲ್ಲೆ ಅಜ್ಜ, ಡಬ್ಬಿ ಎತ್ತಿಡ್ತು.”

ನಾನು ಒಳಗೆ ಕರೆದರೆ, “ತಡಿಯೇ ತಂಗಿ, ಇದೊಂದು ಡಬ್ಬಿ ಇಟ್ಟು ಮುಗಿಸ್ಲಿ. ಓಡಿ ಹೋಪಲೆ ಎನ್ನ ಬಾಯಲ್ಲಿ ಹಲ್ಲೇ ಇಲ್ಲೆ,” ಎಂದರು. ರೋಗಿಗಳೆಲ್ಲ ಹೀಗೆ ನೋವು ಮರೆತು ಕೂತರೆ ನನ್ನ ಗತಿಯೇನು ಎಂದು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ತಂಡ ಹೋಗಬೇಕಿದ್ದ ಹುಬ್ಬಳ್ಳಿಯ ಸ್ಪರ್ಧೆಗೆ ಒಂದು ವಾರ ಇರುವಾಗ ಕೆನ್ನೆ ಊದಿದವರೊಬ್ಬರು ಬಂದರು. ದಾರಿ ಬಿಡಲೆಂದು ಸ್ಫೂರ್ತಿ ರೋಬೋವನ್ನು ಎತ್ತಿಕೊಂಡಳು. ಚಾರ್ಜರಿನ ವಾಯರು ಕಾಲಿಗೆ ತೊಡರಿತು. ರೋಬೋ ನೆಲಕ್ಕೆ ಬಿದ್ದು, ಅದರ ಕೈ ಚೂರುಚೂರಾಗಿ ಕುರ್ಚಿಗಳ ಕೆಳಗೆಲ್ಲ ಹರಡಿತು. ಕೆನ್ನೆ ಊದಿದವರೂ ಬಗ್ಗಿ ಹುಡುಕಿಕೊಟ್ಟರು. ನೇತ್ರಾ ಚೂರುಗಳನ್ನು ಒಂದೊಂದಾಗಿ ಎಣಿಸಿದಳು. ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಹೊರಟುಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಆನು ನಾಳೆಯಿಂದ ಹೋಗ್ತ್ನಿಲ್ಲೆ ಆಯಿ,” ಎಂದಳು ಮಗಳು. ಊಟವನ್ನೂ ಮಾಡಲಿಲ್ಲ.

ಮರುದಿನ ಯಾರೂ ಬರಲಿಲ್ಲ. ಕಾಯುವ ಕೋಣೆ ಮೊದಲಿನಂತೆ ಗಪ್‌ಚಿಪ್ಪಾಯಿತು. ಇಷ್ಟು ದಿನ ಬೇಕು ಬೇಕೆಂದಿದ್ದ ಮೌನ ಅಂದು ಕಿವಿಗೆ ಹೊಡೆಯುತ್ತಿತ್ತು. ಅದರ ಮರುದಿನ ನಾನು ಯಾರದೋ ಹಲ್ಲು ತುಂಬುತ್ತಿದ್ದಾಗ ಬಾಗಿಲಿನ ಸದ್ದಾಯಿತು. “ಆಂಟಿ, ಸ್ಫೂರ್ತಿ ಎಲ್ಲದಾಳ್ರಿ?”

ಕೈಗವಸಿನಲ್ಲೇ ಹೊರಗೆ ಓಡಿದೆ. ನೇತ್ರಾಳ ಕೈಯಲ್ಲಿ ರೋಬೋ ಇತ್ತು, ರೋಬೋಗೆ ಗಿಡ್ಡನೆಯ ಹೊಸ ಕೈ ಇತ್ತು.

“ನಿಂಗೆ ಅವಳ ಮೇಲೆ ಸಿಟ್ಟಿಲ್ಲವೇನಮ್ಮ?” ಎಂದೆ.

“ಬಂದಿತ್ರಿ, ಭಾಳ ಬಂದಿತ್ತು. ಆದ್ರ ಬಿಚ್ಚಿ ನೋಡಿದ್ರ ಕೈ ಮೊದಲಿಂದಾನೂ ಉದ್ದಾಗಿತ್ರಿ, ಅದಕ್ಕ ವಾಲತಿತ್ತು. ಈಗ ಗಿಡ್ಡ ಮಾಡೇನಿ. ಸ್ಫೂರ್ತಿ ಬೇಕ್ರಿ ಈಗ, ಗೆರಿ ಮ್ಯಾಲೆ ಸರಿಯಾಗಿ ಇಡಾಕ ಆಕಿಗಷ್ಟ ಬರತೈತಿ.”

ಒಳಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತಿದ್ದ ಸ್ಫೂರ್ತಿ ಇದನ್ನು ಕೇಳಿ ಹೊರಗೆ ಬಂದಳು. ಇಬ್ಬರೂ ಕ್ಷಮೆ ಗಿಮೆ ಏನೂ ಕೇಳಿಕೊಳ್ಳಲಿಲ್ಲ, ಸೀದಾ ಮೇಜಿಗೆ ಹೋದರು. ನಾನು ಒಳಗೆ ಹೋಗಿ, ಬಾಯಿ ತೆರೆದುಕೊಂಡೇ ಕಾಯುತ್ತಿದ್ದವರ ಹತ್ತಿರ ಇಬ್ಬರ ಪರವಾಗಿಯೂ ಕ್ಷಮೆ ಕೇಳಿದೆ.

ಹುಬ್ಬಳ್ಳಿಯ ಸ್ಪರ್ಧೆಯಲ್ಲಿ ಪಾಲಕರನ್ನೆಲ್ಲ ಹಗ್ಗದ ಆಚೆ ನಿಲ್ಲಿಸಿದ್ದರು. ಮೊದಲ ಸಲ ರೋಬೋ ಸೀದಾ ಹೋಗಿ ಮೇಜಿನ ಅಂಚುಪಟ್ಟಿಗೆ ಮುತ್ತಿಟ್ಟಿತು. ಎರಡನೇ ಸಲ ಸ್ಫೂರ್ತಿ ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ಅದನ್ನು ಗೆರೆಯ ಮೇಲಿಟ್ಟಳು. ನಾನು ಎರಡೂ ಕಣ್ಣು ಮುಚ್ಚಿಕೊಂಡೆ. ತೆರೆದಾಗ ಡಬ್ಬಿಗಳೆಲ್ಲ ಇರಬೇಕಾದಲ್ಲಿ ಇದ್ದವು, ಮೂವರೂ ಕುಣಿಯುತ್ತಿದ್ದರು. ಕೈ ಯಾಕೆ ಇಷ್ಟು ಚಿಕ್ಕದು ಎಂದು ತೀರ್ಪುಗಾರರು ಕೇಳಿದರು. “ನಾನು ಬೀಳಿಸಿದೆ ಸರ್, ಅದಕ್ಕೇ ಚೆನ್ನಾಗಾಯಿತು,” ಎಂದಳು ನನ್ನ ಮಗಳು, ತಲೆಯೆತ್ತಿ. ನೇತ್ರಾ ಬಿದ್ದು ಬಿದ್ದು ನಕ್ಕಳು. ಬಹುಮಾನವೇನೂ ಬರಲಿಲ್ಲ. ವಾಪಸು ಬರುವಾಗ ಯಲ್ಲಾಪುರದಲ್ಲಿ ಚಹಾಕ್ಕೆ ಇಳಿದರೆ, ಮೂವರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತು ಒಂದೇ ತಟ್ಟೆಯ ಬನ್ಸಿಗೆ ಜಗಳವಾಡುತ್ತಿದ್ದರು. ಎದೆಯ ಮೇಲಿನಿಂದ ಯಾರೋ ಅಕ್ಕಿಮೂಟೆ ಇಳಿಸಿದಂತಾಯಿತು ನನಗೆ.

ಈಗ ಮುಂದಿನ ವರ್ಷದ ತಂಡಕ್ಕೆ ಆಯ್ಕೆ ನಡೆದಿದೆ. ಮೊನ್ನೆ ನಾನೂ ಸ್ವಲ್ಪ ನಾಚಿಕೆಯಿಂದಲೇ, “ಬರುವ ವರ್ಷಕ್ಕೂ ನಾವು ಇರುತ್ತೇವಲ್ಲ?” ಎಂದು ನೇತ್ರಾಳನ್ನು ಕೇಳಿದೆ. ಅವಳು ಉಳಿದಿಬ್ಬರ ಮುಖ ನೋಡಿ, “ಕ್ಲಿನಿಕ್ ಬೇಕಾ ಬೇಕ್ರಿ ಆಂಟಿ. ನಿಮ್ಮದು... ಎಲ್ಲಾರೂ ಕೂಡಿ ವಿಚಾರ ಮಾಡಿ ಹೇಳತೇವ್ರಿ,” ಎಂದಳು. ಇನ್ನೂ ಹೇಳಿಲ್ಲ. ಸದ್ಯಕ್ಕೆ ಮೇಜಿನ ಧೂಳು ಒರೆಸುವ ಕೆಲಸ ಕೊಟ್ಟಿದ್ದಾರೆ. ಮೂಲೆ ಮೂಲೆಯನ್ನೂ ಬಿಡದೆ ಒರೆಸುತ್ತಿದ್ದೇನೆ.