ಏನೂ ಗೊತ್ತಿಲ್ಲದವನು ಬೇಕಾಗಿದ್ದಾನೆ

“ಇಡೀ ಕಾಲೇಜು ಜರಡಿ ಹಿಡಿದ್ರೂ ಇವನಷ್ಟು ಏನೂ ಗೊತ್ತಿಲ್ಲದವನು ಸಿಗಲ್ಲ. ಇವನ ಕೈಗೆ ಕೊಡಿ, ನೋಡೋಣ!”

ಅರವತ್ತು ವಿದ್ಯಾರ್ಥಿಗಳ ಎದುರು ಪ್ರೊಫೆಸರರು ಬೆರಳು ತೋರಿಸಿದ್ದು ಅಟೆಂಡರ್ ಪ್ಲಗ್ಗಣ್ಣನತ್ತ. ತರಗತಿ ಗೊಳ್ಳೆಂದಿತು.

ಪ್ಲಗ್ಗಣ್ಣ ಒಂಬತ್ತನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹೊಡೆದವನು. ಆದರೆ ಎಂಥ ಮೊಂಡು ಪ್ರೊಜೆಕ್ಟರೂ ಅವನು ವೈರನ್ನೊಮ್ಮೆ ಅಲ್ಲಾಡಿಸಿದರೆ ಗದರಿಸಿಕೊಂಡ ಮಗುವಿನಂತೆ ತೆಪ್ಪಗೆ ಕೆಲಸ ಮಾಡುತ್ತಿತ್ತು. ಅವನ ಜೇಬಿನಲ್ಲಿ ಒಂದು ಅರ್ಜಿಯಿತ್ತು: ಲ್ಯಾಬ್ ಸಹಾಯಕನಾಗಿ ಬಡ್ತಿ ಕೋರಿ. ಸಂಜೆ ಐದರೊಳಗೆ ಪ್ರೊಫೆಸರರು ಶಿಫಾರಸು ಬರೆದುಕೊಡಬೇಕು. ‘ದಡ್ಡ ಯಾರು ಅಂತ ಇವತ್ತು ತೋರಿಸ್ತೀನಿ’ ಎಂದು ಹಲ್ಲು ಕಚ್ಚಿಕೊಂಡ.

ಮನುಷ್ಯರಿಗೂ ಕಂಪ್ಯೂಟರಿಗೂ ಹೊಂದಿಕೆ ಹೇಗೆ ಎಂಬ ವಿಷಯದ ಮೇಲೆ ಅಂದು ವಿದ್ಯಾರ್ಥಿಗಳು ತಾವು ಮಾಡಿದ್ದನ್ನು ತೋರಿಸಬೇಕಿತ್ತು. ಏನೂ ಗೊತ್ತಿಲ್ಲದವನೊಬ್ಬ ಅದನ್ನು ಬಳಸಬೇಕು, ಯಾರೂ ಹೇಳಿಕೊಡಕೂಡದು. ಅಂಕ ಹಾಕಲು ಹೊರಗಿನಿಂದ ಪರೀಕ್ಷಕಿ ಬಂದಿದ್ದರು.

ಮೊದಲ ತಂಡ ತರಗತಿಯ ಬಾಗಿಲಿಗೇ ಯಂತ್ರ ಕೂರಿಸಿತ್ತು. ಕೈ ಬೀಸಿದರೆ ತೆರೆದುಕೊಳ್ಳುತ್ತದೆ. ಪ್ಲಗ್ಗಣ್ಣ ಪ್ರೊಜೆಕ್ಟರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಾಗಿಲೆದುರು ನಿಂತ. ಬಾಗಿಲು ಮಿಸುಕಲಿಲ್ಲ.

“ಕೈ ಬೀಸೀ ಪ್ಲಗ್ಗಣ್ಣಾ!” ಹುಡುಗನೊಬ್ಬ ತಡೆಯಲಾರದೆ ಕೂಗಿದ.

“ಯಾವ ಕೈ ಬೀಸ್ಲಪ್ಪಾ? ಕೈ ಖಾಲಿ ಇರೋನು ತಾನೇ ತಳ್ಕೊಂಡು ಹೋಗ್ತಾನೆ. ಸಾಮಾನು ಹೊತ್ತೋನಿಗಲ್ವಾ ಇದು ಬೇಕಿರೋದು?”

ಪರೀಕ್ಷಕಿಯ ಪೆನ್ನು ನಿಂತಿತು. ಹುಡುಗರ ಮುಖ ಇಸ್ತ್ರಿ ಮರೆತ ಅಂಗಿಯಂತಾಯಿತು.

ಮುಂದಿನದು ಕನ್ನಡಕದ ಹುಡುಗಿಯದು, ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಫೋನು. ‘ತಗೊಂಡೆ’ ಎಂಬ ಗುಂಡಿ ಒತ್ತುವವರೆಗೂ ಗಂಟೆ ಬಡಿಯುತ್ತದೆ. ಬಡಿದದ್ದೇ ತಡ, ಪ್ಲಗ್ಗಣ್ಣ ಒತ್ತಿದ.

“ಅಣ್ಣಾ, ಮಾತ್ರೆ ತಗೊಳ್ಳದೇ ಒತ್ತಿಬಿಟ್ರಲ್ಲಾ!”

“ಗಲಾಟೆ ನಿಲ್ಲಲಿ ಅಂತ ಒತ್ತಿದೆ ಕಣಮ್ಮಾ. ನಮ್ಮಮ್ಮನೂ ಹಿಂಗೇ. ಅಲಾರಂ ಒತ್ತಿ, ಮಗ್ಗುಲು ಬದಲಾಯಿಸಿ ಮಲಗ್ತಾಳೆ. ಮಾತ್ರೆ ಡಬ್ಬಿ ಮುಚ್ಚಳ ತೆಗೆದ್ರೇನೇ ಗಂಟೆ ನಿಲ್ಲೋ ಹಾಗೆ ಮಾಡು.”

ಹುಡುಗಿ ಕಣ್ಣರಳಿಸಿ ಬರೆದುಕೊಂಡಳು. ಆಮೇಲೆ ಯಾರೂ ನಗಲಿಲ್ಲ. “ನಮ್ದೂ ನೋಡಣ್ಣಾ, ಎಲ್ಲಿ ಎಡವಟ್ಟಾಗಿದೆ ಹೇಳಣ್ಣಾ” ಎಂದು ಸಾಲು ನಿಂತರು. ವರ್ಷವಿಡೀ ಓದಿದವರಿಗೆ ಕಾಣದ್ದು ಅವನ ಬೆರಳಿಗೆ ತಟ್ಟನೆ ಸಿಗುತ್ತಿತ್ತು. ಕೊನೆಗೆ ಪರೀಕ್ಷಕಿಯೇ ಎದ್ದು ಕೈಕುಲುಕಿದರು. “ಇಂಥ ಕಣ್ಣು ನಾನು ನೋಡೇ ಇಲ್ಲ!”

ಐದಕ್ಕೆ ಹತ್ತು ನಿಮಿಷ. ಪ್ಲಗ್ಗಣ್ಣ ಉಬ್ಬಿದ ಎದೆಯಿಂದ ಅರ್ಜಿ ಚಾಚಿದ. ಪ್ರೊಫೆಸರರು ಅಕ್ಕರೆಯಿಂದ ಬೆನ್ನು ತಟ್ಟಿ, ನಾಲ್ಕು ಸಾಲು ಬರೆದು, ಸಹಿ ಹಾಕಿ, ಎಲ್ಲರಿಗೂ ಕೇಳುವಂತೆ ಓದಿದರು:

“ಈತ ನಮ್ಮ ವಿಭಾಗದ ರತ್ನ. ಆದ್ದರಿಂದ ಬಡ್ತಿ ಕೊಡಬಾರದಾಗಿ ವಿನಂತಿ. ಲ್ಯಾಬಿಗೆ ಸೇರಿದರೆ ಕಂಪ್ಯೂಟರ್ ಕಲಿತುಬಿಡುತ್ತಾನೆ. ಕಲಿತುಬಿಟ್ಟರೆ ಮುಂದಿನ ವರ್ಷ ಏನೂ ಗೊತ್ತಿಲ್ಲದ ಇಂಥವನನ್ನು ಎಲ್ಲಿಂದ ತರುವುದು?”

ಕೆಳಗೆ ಪರೀಕ್ಷಕಿಯೂ ಸಂತೋಷದಿಂದ ಸಹಿ ಹಾಕಿದರು.

“ಖುಷಿಯಾಯ್ತೇನಯ್ಯಾ?” ಎಂದರು ಪ್ರೊಫೆಸರರು.

ಪ್ಲಗ್ಗಣ್ಣ ಪ್ರೊಜೆಕ್ಟರನ್ನು ತಬ್ಬಿಕೊಂಡು ಹೋಗಿ ಬಾಗಿಲೆದುರು ನಿಂತ. ಮೊದಲ ತಂಡದ ಹುಡುಗರು ದಡಬಡ ಓಡಿಬಂದು ಅವನ ಪರವಾಗಿ ಕೈ ಬೀಸಿದರು. ಬಾಗಿಲು ತೆರೆಯಿತು. ಅವನು ಹೊರಗೆ ನಡೆದುಬಿಟ್ಟ.